ಅಟ್ಟದಿಂದ ಅಡುಗೆಮನೆಗೆ: ಹಳೆಯ ಪಾತ್ರೆ-ಪರಿಕರಗಳನ್ನು ಆಯ್ದು, ಸರಿಪಡಿಸಿ, ಬಳಸುವ ಬಗೆ

ಕರ್ನಾಟಕದ ಹಳೆಯ ಮನೆಗಳ ಅಟ್ಟದಲ್ಲಿ, ಕೊಟ್ಟಿಗೆಯ ಮೂಲೆಯಲ್ಲಿ, ಗುಜರಿ ಅಂಗಡಿಯ ರಾಶಿಯಲ್ಲಿ ಇಂದಿಗೂ ಈಳಿಗೆಮಣೆ, ಎರಕದ ಕಾವಲಿ, ಹಿತ್ತಾಳೆ ಕೊಳಗ, ಕಂಚಿನ ತಟ್ಟೆ, ಚಕ್ಕುಲಿ ಒರಳು, ಕಲ್ಮರಿಗೆ (ಬಳಪದ ಕಲ್ಲಿನ ಪಾತ್ರೆ), ಧಾನ್ಯ ಅಳೆಯುವ ಸೇರು-ಪಾವುಗಳು ಕಣ್ಣಿಗೆ ಬೀಳುತ್ತವೆ. ಇವುಗಳಲ್ಲಿ ಬಹುಪಾಲು ಮುರಿದು ಮೂಲೆ ಸೇರಿದವಲ್ಲ. ಸ್ಟೀಲ್ ಪಾತ್ರೆ, ಪ್ರೆಶರ್ ಕುಕ್ಕರ್, ಮಿಕ್ಸಿ, ಗ್ರೈಂಡರುಗಳು ಬಂದ ಮೇಲೆ ಕೆಲಸ ತಪ್ಪಿ ಕುಳಿತವು. ಸ್ವಲ್ಪ ಆರೈಕೆ ಮಾಡಿದರೆ ಇನ್ನೂ ಒಂದೆರಡು ತಲೆಮಾರು ದುಡಿಯುವ ಶಕ್ತಿ ಅವುಗಳಲ್ಲಿದೆ. ಈ ಲೇಖನ ಅವುಗಳನ್ನು ಗಾಜಿನ ಕಪಾಟಿನಲ್ಲಿ ಇಡಬಯಸುವವರಿಗಿಂತ ಹೆಚ್ಚಾಗಿ ಒಲೆಯ ಮೇಲೆ ಇಡಬಯಸುವವರಿಗಾಗಿ ಬರೆದದ್ದು. ಒರಳುಕಲ್ಲಿನಲ್ಲಿ ಹೂಗಿಡ ನೆಡುವುದನ್ನಾಗಲಿ, ಹಂಡೆಗೆ ವಾರ್ನಿಷ್ ಬಳಿದು ಹಜಾರದಲ್ಲಿ ನಿಲ್ಲಿಸುವುದನ್ನಾಗಲಿ ನಾನು ಮನಸಾರೆ ಒಪ್ಪಲಾರೆ, ಏಕೆಂದರೆ ವಸ್ತುವಿನ ಬಳಕೆ ನಿಂತ ಕಡೆ ಅದನ್ನು ಬಳಸುವ ಕೈಗಳ ತಿಳಿವಳಿಕೆಯೂ ನಿಂತುಹೋಗುತ್ತದೆ. ಆದ್ದರಿಂದ ನನ್ನ ಮೊದಲ ಸಲಹೆ ಇಷ್ಟೇ: ನಿಮ್ಮ ಮನೆಯಲ್ಲಿ ಮಾಡುವ ಅಡುಗೆಗೆ ಬೇಕಾದದ್ದನ್ನು ಮಾತ್ರ ಸಂಗ್ರಹಿಸಿ.

ಎಲ್ಲಿಂದ ಆರಂಭಿಸಬೇಕು

ಅಂಗಡಿಗೆ ಹೋಗುವ ಮೊದಲು ಸ್ವಂತ ಮನೆ, ಅಜ್ಜಿಯ ಮನೆ, ಸೋದರಮಾವನ ಮನೆಗಳ ಅಟ್ಟಗಳನ್ನು ನೋಡಿಕೊಳ್ಳಿ. ಅಲ್ಲಿ ಸಿಗುವ ವಸ್ತುವಿನ ಜೊತೆಗೆ ಅದನ್ನು ಬಳಸಿದವರೂ ಸಿಗುತ್ತಾರೆ ಎಂಬುದು ದೊಡ್ಡ ಲಾಭ. ಒಂದು ಹಿತ್ತಾಳೆ ಪಾತ್ರೆ ಕೈಗೆ ಬಂದಾಗ ಅದರಲ್ಲಿ ಅನ್ನ ಮಾಡುತ್ತಿದ್ದರೋ ಪಾಯಸ ಮಾಡುತ್ತಿದ್ದರೋ ಬರೀ ನೀರು ತುಂಬಿಡುತ್ತಿದ್ದರೋ ಎಂಬುದನ್ನು ಮನೆಯ ಹಿರಿಯರಲ್ಲಿ ಕೇಳಿ ತಿಳಿದುಕೊಂಡರೆ, ಒಳಗೆ ಕಲಾಯಿ, ಅಂದರೆ ತವರದ ಲೇಪ, ಬೇಕೇ ಬೇಡವೇ ಎಂಬ ಪ್ರಶ್ನೆ ಅಲ್ಲಿಯೇ ಬಗೆಹರಿಯುತ್ತದೆ. ಅಜ್ಜಿ, ದೊಡ್ಡಮ್ಮ, ಅತ್ತೆಯರು ಹೇಳುವ ಮಾತನ್ನು ಅವರ ಆಡುಮಾತಿನಲ್ಲಿಯೇ ಬರೆದಿಟ್ಟುಕೊಳ್ಳಿ.

ಮನೆಯಲ್ಲಿ ಸಿಗದಿದ್ದರೆ ಪಾತ್ರೆ ಅಂಗಡಿಗಳನ್ನು ವಿಚಾರಿಸಿ. ಹಳೆಯ ಹಿತ್ತಾಳೆ, ತಾಮ್ರಗಳನ್ನು ತೂಕಕ್ಕೆ ಕೊಂಡು ಹೊಸ ಪಾತ್ರೆ ಕೊಡುವ ಪದ್ಧತಿ ನಮ್ಮ ಪೇಟೆಗಳಲ್ಲಿ ಇನ್ನೂ ಇದೆ. ಹಾಗೆ ಬಂದವು ಕರಗಿಸುವವರ ಕೈಗೆ ಹೋಗುವ ಮುನ್ನ ಕೆಲವು ದಿನ ಅಂಗಡಿಯ ಹಿಂಭಾಗದಲ್ಲಿ ಬಿದ್ದಿರುತ್ತವೆ. ಅಂಗಡಿಯವರ ಪರಿಚಯವಿದ್ದರೆ ಗುಜರಿ ದರಕ್ಕಿಂತ ಸ್ವಲ್ಪ ಹೆಚ್ಚು ಕೊಟ್ಟು ಆಯ್ದುಕೊಳ್ಳಬಹುದು. ಆ ದಿನದ ಗುಜರಿ ಹಿತ್ತಾಳೆಯ ಕಿಲೋ ದರವನ್ನು ಮೊದಲೇ ಕೇಳಿ ತಿಳಿದಿರಿ, ಚೌಕಾಸಿಗೆ ಅದೇ ಆಧಾರ. ಬೆಂಗಳೂರಿನ ಚಿಕ್ಕಪೇಟೆ ಭಾಗದ ಭಾನುವಾರದ ಸಂತೆಯಲ್ಲಿ, ಊರ ಜಾತ್ರೆಗಳಲ್ಲಿ, ತಮಿಳುನಾಡಿನ ಕಾರೈಕುಡಿಯ ಹಳೆ ಸಾಮಾನುಗಳ ಅಂಗಡಿ ಸಾಲಿನಲ್ಲಿ ಇಂಥವು ಧಾರಾಳವಾಗಿ ಬರುತ್ತವೆ.

ಕಣ್ಣು ಪಳಗಬೇಕಾದರೆ ವಸ್ತುಸಂಗ್ರಹಾಲಯಗಳಿಗೆ ಹೋಗಬೇಕು. ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕದಲ್ಲಿ, ಧರ್ಮಸ್ಥಳದ ಮಂಜೂಷಾ ಸಂಗ್ರಹದಲ್ಲಿ, ಪುಣೆಯ ರಾಜಾ ದಿನಕರ ಕೇಳ್ಕರ್ ವಸ್ತುಸಂಗ್ರಹಾಲಯದಲ್ಲಿ ಮನೆಬಳಕೆಯ ಪರಿಕರಗಳನ್ನು ಕಾಣಬಹುದು. ಕೇಳ್ಕರ್ ಸಂಗ್ರಹದ ಅಡಕತ್ತರಿಗಳಂತೂ ಒಂದಕ್ಕಿಂತ ಒಂದು ಚೆಂದ. ಅಲ್ಲಿ ಅಂದಚೆಂದದ ಜೊತೆಗೆ ಸವೆತವನ್ನೂ ಗಮನಿಸಿ.

ಸವೆತವನ್ನು ಓದುವುದು

ನಿಜವಾಗಿ ಬಳಸಿದ ವಸ್ತು ಕೈ ತಗುಲುವ ಕಡೆ, ನೆಲ ತಗುಲುವ ಕಡೆ, ಇನ್ನೊಂದು ವಸ್ತು ಉಜ್ಜುವ ಕಡೆ ಮಾತ್ರ ಸವೆದಿರುತ್ತದೆ. ಸೌಟಿನ ಅಂಚು ಒಂದೇ ಪಕ್ಕದಲ್ಲಿ ಓರೆಯಾಗಿ ತೆಳುವಾಗಿದ್ದರೆ ಒಂದೇ ಕೈಯಲ್ಲಿ ಹಿಡಿದು ವರ್ಷಗಟ್ಟಲೆ ಪಾತ್ರೆಯ ತಳ ಕೆರೆದಿದ್ದಾರೆ ಎಂದು ತಿಳಿಯಿರಿ. ಕೃತಕವಾಗಿ ಹಳತು ಮಾಡಿದ ವಸ್ತುವಿನಲ್ಲಿ ಕಪ್ಪು ಎಲ್ಲೆಡೆ ಒಂದೇ ಸಮನಾಗಿರುತ್ತದೆ, ಕೈ ಮುಟ್ಟದ ಸಂದಿಯಲ್ಲೂ ಹೊಳಪಿನ ಅಂಚಿನಲ್ಲೂ ಒಂದೇ ಬಣ್ಣವಿರುತ್ತದೆ. ಜೇಬಿನಲ್ಲಿ ಒಂದು ಸಣ್ಣ ಅಯಸ್ಕಾಂತ ಇಟ್ಟುಕೊಳ್ಳಿ. ಹಿತ್ತಾಳೆ, ತಾಮ್ರ, ಕಂಚುಗಳಿಗೆ ಅದು ಅಂಟುವುದಿಲ್ಲ. ಅಂಟಿದರೆ ಕಬ್ಬಿಣದ ಮೇಲೆ ಹಿತ್ತಾಳೆಯ ಲೇಪ ಕೊಟ್ಟಿದ್ದಾರೆ ಎಂದರ್ಥ.

ಹಿತ್ತಾಳೆ ಪಾತ್ರೆಗಳ ಕಂಠದ ಸುತ್ತ ಚುಕ್ಕಿ ಚುಕ್ಕಿಯಾಗಿ ಕೊರೆದ ಬರಹವನ್ನು ಭೂತಗನ್ನಡಿ ಹಿಡಿದು ಓದಿ. ಮದುವೆಗೆ ಮುಯ್ಯಿ ಕೊಟ್ಟವರ ಹೆಸರು, ತವರಿನ ಊರು, ದಿನಾಂಕ, ಕೆಲವೊಮ್ಮೆ ತೂಕ ಕೂಡ ಅಲ್ಲಿ ಸಿಗುತ್ತದೆ. ಅಳತೆಯ ಸೇರು-ಪಾವುಗಳ ಮೇಲೆ ಸರ್ಕಾರಿ ಮುದ್ರೆ ಇದ್ದರೆ ಕಾಲ ನಿರ್ಣಯ ಇನ್ನೂ ಸುಲಭ. ಮೆಟ್ರಿಕ್ ಅಳತೆಯ ಕಾನೂನು 1956ರಲ್ಲಿ ಬಂದು, 1960ರ ದಶಕದ ಆರಂಭದ ಹೊತ್ತಿಗೆ ವ್ಯಾಪಾರದಲ್ಲಿ ಸೇರಿನ ಲೆಕ್ಕ ಕಾನೂನಿನ ಮಾನ್ಯತೆ ಕಳೆದುಕೊಂಡಿತಾದ್ದರಿಂದ, ಮುದ್ರೆಯೊತ್ತಿದ ಸೇರು ಸಾಮಾನ್ಯವಾಗಿ ಅದಕ್ಕಿಂತ ಹಿಂದಿನದೇ ಆಗಿರುತ್ತದೆ. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ‘ಮೈಸೂರು ರಾಜ್ಯ’ ಎಂದು ಬರೆದ ವಸ್ತು ಅದಕ್ಕೂ ಹಳೆಯದು. ದೇವಸ್ಥಾನದ ಅಥವಾ ಮಠದ ಹೆಸರು ಕೊರೆದ ಪಾತ್ರೆಯನ್ನು ಮಾತ್ರ, ಅದು ಹೇಗೆ ಹೊರಗೆ ಬಂತು ಎಂಬುದಕ್ಕೆ ನಂಬುವಂಥ ಉತ್ತರ ಸಿಗದ ಹೊರತು, ಎಷ್ಟೇ ಅಗ್ಗವಾದರೂ ಕೊಳ್ಳಬೇಡಿ.

ಈಳಿಗೆಮಣೆ

ಹಳೆಯ ಪರಿಕರಗಳಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಗೌರವಿಸುವುದು ಈಳಿಗೆಮಣೆಯನ್ನು. ಮಲೆನಾಡು, ಕರಾವಳಿಯ ಕಡೆ ಇದನ್ನು ಮೆಟ್ಟುಗತ್ತಿ ಎಂದೂ ಕರೆಯುತ್ತಾರೆ. ಚಾಕುವಿನಲ್ಲಿ ತರಕಾರಿ ನಿಂತು ಅಲಗು ಓಡಾಡಿದರೆ, ಇಲ್ಲಿ ಅಲಗು ನಿಂತು ತರಕಾರಿ ಓಡಾಡುತ್ತದೆ. ಎರಡು ಕೈಗಳೂ ತರಕಾರಿಯನ್ನೇ ಹಿಡಿದಿರುವುದರಿಂದ ಹಲಸಿನಕಾಯಿ, ಸುವರ್ಣಗೆಡ್ಡೆ, ಕುಂಬಳಕಾಯಿಯಂಥ ಗಟ್ಟಿ ಪದಾರ್ಥಗಳನ್ನು ಹೋಳು ಮಾಡುವುದಕ್ಕೂ, ಬೀನ್ಸನ್ನು ಕಟ್ಟು ಹಿಡಿದು ಸಣ್ಣಗೆ ಹೆಚ್ಚುವುದಕ್ಕೂ ಇದರಷ್ಟು ಅನುಕೂಲದ ಸಾಧನ ಇನ್ನೊಂದಿಲ್ಲ. ಅಲಗಿನ ತುದಿಯಲ್ಲಿ ತೆಂಗಿನಕಾಯಿ ತುರಿಯುವ ಹಲ್ಲು ಇದ್ದರೆ ಒಂದೇ ಮಣೆಯಲ್ಲಿ ಎರಡು ಕೆಲಸ ಮುಗಿಯುತ್ತದೆ.

ಕೊಳ್ಳುವಾಗ ಮೊದಲು ಅಲಗಿನ ಅಗಲ ನೋಡಿ. ಮತ್ತೆ ಮತ್ತೆ ಸಾಣೆ ಹಿಡಿದು ಸವೆದ ಅಲಗು ನಡುವಿನಲ್ಲಿ ಒಳಸರಿದು ಬಿದಿಗೆಯ ಚಂದ್ರನಂತಾಗಿರುತ್ತದೆ. ಸವೆತ ಹಿತಮಿತವಾಗಿದ್ದರೆ ಅದು ಒಳ್ಳೆಯ ಉಕ್ಕಿನ ಗುರುತು, ಏಕೆಂದರೆ ಕೆಟ್ಟ ಅಲಗಿಗೆ ಯಾರೂ ಇಷ್ಟು ವರ್ಷ ಸಾಣೆ ಹಿಡಿಯುವುದಿಲ್ಲ. ಆದರೆ ನಡುಭಾಗ ಒಂದು ಬೆರಳಿನ ಅಗಲಕ್ಕಿಂತ ಕಿರಿದಾಗಿದ್ದರೆ ಕುಂಬಳಕಾಯಿಗೆ ಒತ್ತು ಕೊಟ್ಟಾಗ ಬಾಗಬಹುದು. ಅಂಚಿನ ಬಳಿ ನೀಲಿ ಅಥವಾ ನೇರಳೆ ಛಾಯೆ ಕಂಡರೆ ಯಾರೋ ಕರೆಂಟಿನ ಚಕ್ರಕ್ಕೆ ಹಿಡಿದು ಅದನ್ನು ಕಾಯಿಸಿದ್ದಾರೆ, ಅಲ್ಲಿ ಉಕ್ಕು ಹದ ಕಳೆದುಕೊಂಡಿದೆ ಎಂದರ್ಥ. ಅಂಥ ಅಂಚು ಎಷ್ಟು ಮಸೆದರೂ ಬೇಗ ಮೊಂಡಾಗುತ್ತದೆ. ಬಳಿಕ ಅಲಗು ಮಣೆಗೆ ಸೇರುವ ಜಾಗವನ್ನು ಹಿಡಿದು ಅಲುಗಾಡಿಸಿ. ಸ್ವಲ್ಪ ಅಲುಗಿದರೆ ಸೀಳು ಬೆಣೆ ಹೊಡೆದು ಬಿಗಿಗೊಳಿಸಬಹುದು. ಮಣೆಯೇ ಉದ್ದಕ್ಕೆ ಸೀಳಿದ್ದರೆ ಅಲಗನ್ನು ಮಾತ್ರ ಉಳಿಸಿಕೊಂಡು ಬಡಗಿಯಿಂದ ಹಲಸಿನ ಅಥವಾ ತೇಗದ ಹೊಸ ಮಣೆ ಮಾಡಿಸಬೇಕಾಗುತ್ತದೆ. ಕಾಲು ಒತ್ತಿ ಒತ್ತಿ ಹಳೆಯ ಮಣೆಯ ಮೇಲೆ ಬಿದ್ದಿರುವ ನುಣುಪಾದ ತಗ್ಗನ್ನು ಹತ್ತರಿ ಹೊಡೆದು ಅಳಿಸಬೇಡಿ. ಆ ಮಣೆಯ ಮೇಲೆ ಕುಳಿತವರು ಎಲ್ಲಿ ಕಾಲಿಟ್ಟರೆ ಅದು ಜಾರುವುದಿಲ್ಲ ಎಂಬುದನ್ನು ಆ ತಗ್ಗು ನಿಮಗೆ ತೋರಿಸಿಕೊಡುತ್ತದೆ.

ತುಕ್ಕು ತೆಗೆಯಲು ಹುಣಸೆಹಣ್ಣಿನ ಗಟ್ಟಿ ರಸ ಹಚ್ಚಿ ಕಾಲು ಗಂಟೆ ಬಿಟ್ಟು, ತೆಂಗಿನ ನಾರಿನಿಂದ ಉಜ್ಜಿ, ತೊಳೆದು, ತಕ್ಷಣ ಬಟ್ಟೆಯಿಂದ ಒರೆಸಿ ಒಣಗಿಸಿ. ಮಸೆಯುವ ಕೆಲಸಕ್ಕೆ ನೀರು ಹನಿಸಿದ ಸಾಣೆಕಲ್ಲೇ ಮೇಲು. ಅಲಗನ್ನು ಕೆಳಗೆ ಮಡಚಿ, ಕಲ್ಲನ್ನು ಕೈಯಲ್ಲಿ ಹಿಡಿದು, ಸುಮಾರು 20 ಡಿಗ್ರಿ ಓರೆಯಲ್ಲಿ ಬುಡದಿಂದ ತುದಿಯ ಕಡೆಗೆ ಎಳೆಯಿರಿ. ಎರಡೂ ಪಕ್ಕಗಳಿಗೆ ಸಮನಾಗಿ ಎಳೆದು, ಕೊನೆಗೆ ಹಳೆಯ ಚರ್ಮದ ಬೆಲ್ಟಿಗೆ ನಾಲ್ಕು ಸಲ ಸವರಿ. ತುರಿಯುವ ಹಲ್ಲುಗಳಿಗೆ ಮೂರು ಮೂಲೆಯ ಸಣ್ಣ ಅರ ಬೇಕು. ಪ್ರತಿ ಹಲ್ಲಿನ ಒಳಭಾಗವನ್ನು ಮಾತ್ರ ಉಜ್ಜಬೇಕು, ಹೊರಭಾಗ ಮುಟ್ಟಿದರೆ ಹಲ್ಲು ಮೊಂಡಾಗುತ್ತದೆ.

ಮೊದಲ ಬಾರಿಗೆ ಬಳಸುವವರು ಸೌತೆಕಾಯಿಯಂಥ ಮೆತ್ತನೆಯ ತರಕಾರಿಯಿಂದ ಆರಂಭಿಸಿ. ಒದ್ದೆಯಿಲ್ಲದ ನೆಲದ ಮೇಲೆ ಕುಳಿತು, ಒಂದು ಕಾಲನ್ನು ಮಡಚಿ, ಇನ್ನೊಂದು ಪಾದದಿಂದ ಮಣೆಯನ್ನು ಒತ್ತಿ ಹಿಡಿಯಿರಿ. ಹರಿತದ ಅಂಚು ನಿಮ್ಮ ಕಡೆಗೇ ಮುಖ ಮಾಡಿರುತ್ತದೆ. ತರಕಾರಿಯನ್ನು ನಿಮ್ಮಿಂದ ಆಚೆಗೆ, ಅಲಗಿನ ಕಡೆಗೆ ತಳ್ಳಬೇಕು. ಬೆರಳ ತುದಿಗಳು ಅಲಗಿನ ಎರಡೂ ಪಕ್ಕಕ್ಕೆ ಇರಬೇಕೇ ಹೊರತು ಅದರ ದಾರಿಗೆ ಅಡ್ಡ ಬರಬಾರದು. ಮಧ್ಯೆ ಯಾರಾದರೂ ಕರೆದರೆ ಅಲಗನ್ನು ಮಡಚದೆ ಏಳಕೂಡದು ಎಂಬ ನಿಯಮವನ್ನು ನಮ್ಮ ಹಿರಿಯರು ಮಕ್ಕಳಿಗೆ ಗದರಿ ಕಲಿಸುತ್ತಿದ್ದರು, ಅದನ್ನು ಇಂದೂ ಬಿಡಬಾರದು. ಮಡಚಲಾಗದ ಅಲಗಾದರೆ ದಪ್ಪ ಚರ್ಮದ ಅಥವಾ ಸೀಳಿದ ಬಿದಿರಿನ ಕವಚ ತೊಡಿಸಿ, ಮಣೆಯನ್ನು ಗೋಡೆಗೆ ಮುಖ ಮಾಡಿ ಒರಗಿಸಿಡಿ. ನೆಲದ ಮೇಲೆ ಕೂರಲಾಗದವರು ಇದನ್ನು ಅಡುಗೆಕಟ್ಟೆಯ ಮೇಲೆ ಹಾಗೇ ಇಟ್ಟು ಬಳಸಬಾರದು, ಮಣೆ ಜಾರಿದರೆ ಅಪಾಯ ಖಂಡಿತ. ಗಟ್ಟಿ ಮೇಜಿಗೆ ಕ್ಲಾಂಪಿನಿಂದ ಬಿಗಿದು ಬಳಸಬಹುದು.

ಕಾವಲಿ, ಬಾಣಲೆ, ಪಡ್ಡಿನ ಹಂಚು

ಎರಕದ ಕಬ್ಬಿಣದ ಕಾವಲಿಯನ್ನು ಕೊಳ್ಳುವಾಗ ಬಣ್ಣ ನೋಡಿ ಹಿಂಜರಿಯಬೇಡಿ. ಮೇಲಿನ ತುಕ್ಕು ಎಷ್ಟಿದ್ದರೂ ಹೋಗುತ್ತದೆ. ನೋಡಬೇಕಾದದ್ದು ಬಿರುಕನ್ನು. ಕಾವಲಿಯನ್ನು ಹಿಡಿಯಿಂದ ತೂಗಿ ಹಿಡಿದು ಬೆರಳ ಗೆಣ್ಣಿನಿಂದ ತಟ್ಟಿದರೆ ಸದ್ದು ಮೊಳಗಬೇಕು. ಒಡೆದ ಮಡಕೆಯಂಥ ಮಂಕು ಸದ್ದು ಬಂದರೆ ಎಲ್ಲೋ ಕಾಣದ ಬಿರುಕಿದೆ, ಅದನ್ನು ಅಲ್ಲಿಯೇ ಬಿಡಿ. ಸಮತಟ್ಟಾದ ಕಲ್ಲಿನ ಮೇಲಿಟ್ಟು ಒತ್ತಿದಾಗ ಕುಣಿಯುವ ಕಾವಲಿ ಗ್ಯಾಸ್ ಒಲೆಗೆ ನಡೆದೀತು, ಇಂಡಕ್ಷನ್ ಒಲೆಗೆ ಬಾರದು.

ಹಳೆಯ ಜಿಡ್ಡಿನ ಹಕ್ಕಳೆ ತೆಗೆಯಲು ಕಾವಲಿಯನ್ನು ಉರಿಯುವ ಸೌದೆಯ ರಾಶಿಗೆ ಹಾಕುವವರಿದ್ದಾರೆ. ಇದನ್ನು ಮಾಡಬೇಡಿ. ಎರಕದ ಕಬ್ಬಿಣ ಒಂದೆಡೆ ವಿಪರೀತ ಕಾದು ಇನ್ನೊಂದೆಡೆ ತಣ್ಣಗಿದ್ದರೆ ಸೀಳುತ್ತದೆ ಅಥವಾ ಸೊಟ್ಟಗಾಗುತ್ತದೆ. ವಾಷಿಂಗ್ ಸೋಡಾ ಬೆರೆಸಿದ ಬಿಸಿನೀರಿನಲ್ಲಿ ರಾತ್ರಿ ನೆನೆಸಿ, ಬೆಳಗ್ಗೆ ಹೆರೆದು, ಉಜ್ಜಿ ತೊಳೆಯಿರಿ. ಒಂದೇ ಸಲಕ್ಕೆ ಹೋಗದಿದ್ದರೆ ಮತ್ತೆ ನೆನೆಸಿ. ಕಬ್ಬಿಣದ ಬೂದುಬಣ್ಣ ಕಾಣಿಸಿಕೊಂಡ ಮೇಲೆ ಪಳಗಿಸುವ ಕೆಲಸ ಆರಂಭವಾಗುತ್ತದೆ.

ಪಳಗಿಸುವುದು ಎಂದರೆ ಎಣ್ಣೆಯನ್ನು ಕಾಯಿಸಿ ಕಬ್ಬಿಣದ ಮೇಲೆ ತೆಳುವಾದ ಗಟ್ಟಿ ಪೊರೆಯಾಗಿ ಕೂರಿಸುವುದು. ಇದಕ್ಕೆ ಎಲ್ಲ ಎಣ್ಣೆಯೂ ಒಗ್ಗುವುದಿಲ್ಲ. ಕಾದಾಗ ಪೊರೆಗಟ್ಟುವುದು ಅಪರ್ಯಾಪ್ತ ಕೊಬ್ಬು ಹೆಚ್ಚಿರುವ ಸೂರ್ಯಕಾಂತಿ, ಕಡಲೆಕಾಯಿ, ಎಳ್ಳಿನಂಥ ಎಣ್ಣೆಗಳು. ತೆಂಗಿನೆಣ್ಣೆಯಲ್ಲಿ ಬಹುಭಾಗ ಪರ್ಯಾಪ್ತ ಕೊಬ್ಬೇ ಇರುವುದರಿಂದ ಅದು ಸರಿಯಾಗಿ ಪೊರೆಗಟ್ಟುವುದಿಲ್ಲ. ಕರಾವಳಿಯ ಮನೆಗಳಲ್ಲಿ ಪಳಗಿದ ಕಾವಲಿಗೆ ತೆಂಗಿನೆಣ್ಣೆ ಸವರಿ ದೋಸೆ ಹೊಯ್ಯುವುದು ಸರಿಯೇ, ಆದರೆ ಹೊಸದಾಗಿ ಪಳಗಿಸುವಾಗ ಬೇರೆ ಎಣ್ಣೆ ತೆಗೆದುಕೊಳ್ಳಿ. ಕಾವಲಿಯನ್ನು ಸಣ್ಣ ಉರಿಯಲ್ಲಿ ತೇವ ಹೋಗುವವರೆಗೆ ಕಾಯಿಸಿ, ಬಟ್ಟೆಯಲ್ಲಿ ಎರಡು ಹನಿ ಎಣ್ಣೆ ತೆಗೆದುಕೊಂಡು ಇಡೀ ಮೈಗೆ, ಹಿಂಭಾಗಕ್ಕೂ ಸವರಿ. ಆಮೇಲೆ ಒಣಬಟ್ಟೆಯಿಂದ, ಸವರಿದ ಎಣ್ಣೆಯನ್ನೆಲ್ಲ ತೆಗೆಯುವವರ ಹಾಗೆ ಒರೆಸಿ. ಉಳಿಯುವ ಕಣ್ಣಿಗೆ ಕಾಣದಷ್ಟು ತೆಳುವಾದ ಎಣ್ಣೆಯೇ ಬೇಕಾದದ್ದು. ಹೆಚ್ಚಾದರೆ ಅಂಟಂಟಾದ ಕಲೆಯಾಗಿ ನಿಲ್ಲುತ್ತದೆ. ಹೊಗೆ ಎದ್ದು ನಿಲ್ಲುವವರೆಗೆ ಮಧ್ಯಮ ಉರಿಯಲ್ಲಿ ಕಾಯಿಸಿ, ತಾನಾಗಿ ಆರಲು ಬಿಡಿ. ಹೀಗೆ ನಾಲ್ಕೈದು ಸಲ ಮಾಡಿದರೆ ಬೂದುಬಣ್ಣ ಕಂದಾಗಿ, ಕಂದು ಕಪ್ಪಾಗಿ ತಿರುಗುತ್ತದೆ. ಬಳಿಕ ಒಂದೆರಡು ದಿನ ಅದರಲ್ಲಿ ಈರುಳ್ಳಿ ಬಾಡಿಸಿ, ಅನಂತರ ದೋಸೆ ಹೊಯ್ಯಿರಿ. ದೋಸೆಯ ಕಾವಲಿಯಲ್ಲಿ ಚಪಾತಿ ಬೇಯಿಸಬಾರದು ಎಂದು ಮನೆಯಲ್ಲಿ ಹೇಳುವ ಮಾತಿಗೆ ಬಲವಾದ ಕಾರಣವಿದೆ: ಎಣ್ಣೆಯಿಲ್ಲದೆ ಒಣ ಕಾವಿಗೆ ಒಡ್ಡಿದಾಗ ಆ ಪೊರೆ ಸುಟ್ಟು ಹೋಗುತ್ತದೆ. ಹುಣಸೆ, ಟೊಮೆಟೊ, ಮಜ್ಜಿಗೆಯ ಅಡುಗೆಗಳಿಗೂ ಇದು ತಕ್ಕದ್ದಲ್ಲ. ಹುಳಿ ಪೊರೆಯನ್ನು ತಿನ್ನುತ್ತದೆ, ಸಾರಿಗೆ ಕಬ್ಬಿಣದ ಒಗರು ಬರುತ್ತದೆ.

ಪಡ್ಡಿನ ಹಂಚಿಗೂ ಇದೇ ಕ್ರಮ. ಬೆಂಗಳೂರು-ಕೋಲಾರದವರು ಗುಂಡುಪಂಗಳ, ಇನ್ನು ಕೆಲವೆಡೆ ಗುಳಿಯಪ್ಪ ಎನ್ನುವ ಈ ತಿಂಡಿಯ ಹಂಚಿನಲ್ಲಿ ಪ್ರತಿ ಗುಳಿಯ ತಳವನ್ನೂ ಬೆರಳಿನಿಂದ ತಡವಿ ನೋಡಿ; ಒಂದು ಗುಳಿ ಒರಟಾಗಿದ್ದರೂ ಅಲ್ಲಿನ ಪಡ್ಡು ಏಳುವುದಿಲ್ಲ. ನುಣುಪಾದ ಮರಳುಕಾಗದವನ್ನು ಬೆರಳಿಗೆ ಸುತ್ತಿ ಆ ಗುಳಿಯನ್ನು ಮಾತ್ರ ನಯ ಮಾಡಿ, ಮತ್ತೆ ಪಳಗಿಸಿ.

ಹಿತ್ತಾಳೆ, ತಾಮ್ರ, ಕಂಚು

ಇಲ್ಲಿ ಎಚ್ಚರಿಕೆ ಹೆಚ್ಚು ಬೇಕು, ಏಕೆಂದರೆ ತಪ್ಪಾಗಿ ಬಳಸಿದರೆ ಆರೋಗ್ಯಕ್ಕೇ ಕುತ್ತು. ಹಿತ್ತಾಳೆ ತಾಮ್ರ ಮತ್ತು ಸತುವಿನ ಬೆರಕೆ. ಕಂಚು ತಾಮ್ರ ಮತ್ತು ತವರದ ಬೆರಕೆ. ಕಂಚು ತಟ್ಟಿದರೆ ದೀರ್ಘವಾಗಿ ಮೊಳಗುತ್ತದೆ, ಕೈತಪ್ಪಿ ಕಲ್ಲಿನ ಮೇಲೆ ಬಿದ್ದರೆ ಸೀಳಿಬಿಡುತ್ತದೆ. ಹಿತ್ತಾಳೆ ನೆಗ್ಗುತ್ತದೆ, ಸೀಳುವುದಿಲ್ಲ. ನೆಗ್ಗನ್ನು ಪಾತ್ರೆ ತಟ್ಟುವವರಲ್ಲಿ ಸರಿ ಮಾಡಿಸಬಹುದು, ಸೀಳಿದ ಕಂಚನ್ನು ಅಡುಗೆಗೆ ಬಳಸುವಂತೆ ಬೆಸೆಯುವುದು ಕಷ್ಟ. ಕೊಳ್ಳುವಾಗ ಬೆಸುಗೆಯ ಜಾಗಗಳನ್ನು ಪರೀಕ್ಷಿಸಿ. ತಳದಲ್ಲಿ ಅಥವಾ ಹಿಡಿಯ ಬಳಿ ಬೂದುಬಣ್ಣದ ಮೆತ್ತನೆಯ ಬೆಸುಗೆ ಒಳಭಾಗಕ್ಕೆ ಕಾಣುತ್ತಿದ್ದರೆ ಅದರಲ್ಲಿ ಸೀಸ ಇರುವ ಸಾಧ್ಯತೆ ಇದೆ. ಅಂಥ ಪಾತ್ರೆಯನ್ನು ಹೂವಿಡಲು ಬಳಸಿ, ಆಹಾರಕ್ಕೆ ಬೇಡ. ಈಗ ಮಾರುಕಟ್ಟೆಯಲ್ಲಿ ಹಳೆಯ ಮಾದರಿಯಲ್ಲಿ ಮಾಡಿ ಮಾರುವ ಅಲಂಕಾರದ ಹಿತ್ತಾಳೆಗೆ ಹೊಳಪು ಉಳಿಯಲೆಂದು ಪಾರದರ್ಶಕ ಲೇಪ ಹಚ್ಚಿರುತ್ತಾರೆ, ಅವೂ ಅಡುಗೆಗೆ ಮಾಡಿದವಲ್ಲ.

ತೊಳೆಯಲು ಹುಣಸೆಹಣ್ಣು ಮತ್ತು ಉಪ್ಪು ಸಾಕು. ಹಚ್ಚಿ, ಐದಾರು ನಿಮಿಷದಲ್ಲಿ ಉಜ್ಜಿ ತೊಳೆದುಬಿಡಬೇಕು. ಹುಳಿಯಲ್ಲಿ ರಾತ್ರಿಯಿಡೀ ನೆನೆಸಿದರೆ ಹಿತ್ತಾಳೆಯ ಮೇಲ್ಮೈಯಿಂದ ಸತು ಕರಗಿ ಹೋಗಿ, ಅಲ್ಲಲ್ಲಿ ನಸುಗೆಂಪು ತಾಮ್ರದ ಮಚ್ಚೆಗಳು ಉಳಿಯುತ್ತವೆ. ಹಸಿರು ಕಿಲುಬು ವಿಷಕಾರಿ. ಅದು ಸಂದಿಯಲ್ಲಿ ಒಂದು ಚೂರೂ ಉಳಿಯದಂತೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆಯಿರಿ. ಬಫಿಂಗ್ ಚಕ್ರಕ್ಕೆ ಮಾತ್ರ ಕೊಡಬೇಡಿ, ಕೊರೆದ ಹೆಸರುಗಳು ಅಲ್ಲಿ ಅಳಿಸಿಹೋಗುತ್ತವೆ.

ಅಡುಗೆ ಮಾಡುವ ಹಿತ್ತಾಳೆ, ತಾಮ್ರದ ಪಾತ್ರೆಗೆ ಒಳಗೆ ಕಲಾಯಿ ಇರಲೇಬೇಕು. ಕಲಾಯಿಯವರು ಪಾತ್ರೆಯನ್ನು ಕೆಂಡದ ಮೇಲೆ ಕಾಯಿಸಿ, ನವಸಾಗರದ ಪುಡಿ ಉದುರಿಸಿ, ತವರದ ಕಡ್ಡಿ ಮುಟ್ಟಿಸಿ, ಕರಗಿದ ತವರವನ್ನು ಅರಳೆಯಿಂದ ಒಂದೇ ಉಸಿರಿಗೆ ಒಳಗೆಲ್ಲ ಹರಡಿ, ನೀರಿಗೆ ಅದ್ದುತ್ತಾರೆ. ಕಪ್ಪು ಪಾತ್ರೆಯ ಒಳಗೆ ಬೆಳ್ಳಿಯ ಬೆಳಕು ಒಮ್ಮೆಲೇ ಓಡಾಡಿದಂತಾಗುವ ಆ ಗಳಿಗೆ ನೋಡುವಂಥದ್ದು, ಆದರೆ ಏಳುವ ಬಿಳಿ ಹೊಗೆಯಿಂದ ದೂರ ನಿಂತು ನೋಡಿ. ಕೇಳಬೇಕಾದ ಮುಖ್ಯ ಪ್ರಶ್ನೆ ತವರದ ಶುದ್ಧತೆಯ ಕುರಿತದ್ದು. ತವರ ದುಬಾರಿ, ಸೀಸ ಅಗ್ಗ. ಬೆರಕೆಯ ಆಸೆ ಹುಟ್ಟುವುದು ಅಲ್ಲಿಂದ. ಕಲಾಯಿಗೆ ಮೊದಲು ಕಡ್ಡಿಯನ್ನು ಕೇಳಿ ಪಡೆದು ಕಿವಿಯ ಹತ್ತಿರ ಹಿಡಿದು ಬಗ್ಗಿಸಿ ನೋಡಿ. ಶುದ್ಧ ತವರ ಬಗ್ಗುವಾಗ ಒಳಗಿನ ಹರಳುಗಳು ಜರುಗಿ ಕಿರ್ ಎಂಬ ಸಣ್ಣ ಸದ್ದು ಕೇಳುತ್ತದೆ. ಸೀಸ ಸದ್ದಿಲ್ಲದೆ ಬಗ್ಗುತ್ತದೆ, ಬಿಳಿ ಕಾಗದಕ್ಕೆ ಉಜ್ಜಿದರೆ ಪೆನ್ಸಿಲಿನಂತೆ ಬೂದು ಗೆರೆ ಬಿಡುತ್ತದೆ. ಇದು ಪ್ರಯೋಗಾಲಯದ ಪರೀಕ್ಷೆಗೆ ಸಮವಲ್ಲವಾದರೂ ಎದ್ದು ಕಾಣುವ ಬೆರಕೆಯನ್ನು ಹಿಡಿದುಕೊಡುತ್ತದೆ. ಸಂಶಯವಿದ್ದರೆ ಸ್ವತಃ ಶುದ್ಧ ತವರ ಕೊಂಡು ಕೊಟ್ಟು ಕೆಲಸ ಮಾಡಿಸಿ.

ತವರ ಕರಗುವುದು 232 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಬರಿಯ ಪಾತ್ರೆಯನ್ನು ಉರಿಯ ಮೇಲೆ ಇಡಬಾರದು, ಅದರಲ್ಲಿ ಒಗ್ಗರಣೆ ಹಾಕಬಾರದು ಎನ್ನುವ ನಿಯಮಗಳೆಲ್ಲ ಈ ಒಂದು ಸಂಖ್ಯೆಯಿಂದ ಹುಟ್ಟಿದವು. ನೀರು ಅಥವಾ ಹಾಲು ಇರುವವರೆಗೆ ಕಾವು 100 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುವುದರಿಂದ ಅನ್ನ, ಬೇಳೆ, ಪಾಯಸಗಳಿಗೆ ಕಲಾಯಿ ಪಾತ್ರೆ ಸೊಗಸಾಗಿ ಹೊಂದುತ್ತದೆ. ಮರದ ಸೌಟನ್ನೇ ಬಳಸಿ, ಸ್ಟೀಲ್ ನಾರಿನಿಂದ ಉಜ್ಜಬೇಡಿ, ಮಾಡಿದ ಅಡುಗೆಯನ್ನು ಅದರಲ್ಲಿಯೇ ಬಿಡದೆ ಬೇರೆ ಪಾತ್ರೆಗೆ ಬಗ್ಗಿಸಿಡಿ. ಒಳಗೆ ಹಳದಿ ಅಥವಾ ಕೆಂಪು ಇಣುಕಿದ ದಿನ ಬಳಕೆ ನಿಲ್ಲಿಸಿ ಮತ್ತೆ ಕಲಾಯಿ ಹಾಕಿಸಿ. ನೀರು ಕಾಯಿಸುವ ಹಂಡೆಗೆ, ಅಕ್ಕಿ ಅಳೆಯುವ ಪಾತ್ರೆಗೆ, ಚಕ್ಕುಲಿ ಒರಳಿಗೆ ಕಲಾಯಿಯ ಅಗತ್ಯವಿಲ್ಲ. ಒರಳನ್ನು ಕೆಲಸ ಮುಗಿದ ಕೂಡಲೇ ಬಿಲ್ಲೆಗಳ ತೂತುಗಳಿಂದ ಹಿಟ್ಟು ತೆಗೆದು ಒಣಗಿಸಿದರೆ ಸಾಕು. ಕಂಚಿನ ತಟ್ಟೆಯಲ್ಲಿ ಊಟ ಮಾಡಬಹುದು, ಉಪ್ಪಿನಕಾಯಿ, ಮೊಸರುಗಳನ್ನು ಅದರಲ್ಲಿ ಹಾಕಿಡಬಾರದು.

ಕಲ್ಲಿನ ಪರಿಕರಗಳು

ಒರಳುಕಲ್ಲು ಕೊಳ್ಳುವಾಗ ಗುಂಡು ಮತ್ತು ಒರಳು ಒಂದಕ್ಕೊಂದು ಜೋಡಿಯೇ ಎಂದು ತಿರುಗಿಸಿ ನೋಡಿ. ಬೇರೆ ಬೇರೆ ಜೋಡಿಯವಾದರೆ ನಡುವೆ ಸಂದು ಉಳಿದು ಹಿಟ್ಟು ನುಣ್ಣಗಾಗುವುದಿಲ್ಲ. ನೀರು ತುಂಬಿ ರಾತ್ರಿ ಬಿಟ್ಟರೆ ಸಿಮೆಂಟಿನಲ್ಲಿ ಮುಚ್ಚಿದ ಬಿರುಕು ಹೊರಗೆ ತೇವವಾಗಿ ಕಾಣಿಸಿಕೊಳ್ಳುತ್ತದೆ. ಒಳಮೈ ಗಾಜಿನಂತೆ ನುಣುಪಾಗಿದ್ದರೆ ಕಲ್ಲುಕುಟಿಗರಿಂದ ಉಳಿಯ ಪೆಟ್ಟು ಹಾಕಿಸಿ ಒರಟು ಮಾಡಿಸಬೇಕು. ಪೆಟ್ಟು ಹಾಕಿಸಿದ ಕಲ್ಲನ್ನು ಚೆನ್ನಾಗಿ ತೊಳೆದು, ಮೊದಲು ತೌಡು, ಬಳಿಕ ನೆನೆಸಿದ ಅಗ್ಗದ ಅಕ್ಕಿ ರುಬ್ಬಿ ಚೆಲ್ಲಿ. ರುಬ್ಬಿದ್ದನ್ನು ಬೆರಳುಗಳ ನಡುವೆ ತಿಕ್ಕಿದಾಗ ಮರಳಿನ ಸುಳಿವೂ ಸಿಗದಿರುವವರೆಗೆ ಇದನ್ನು ಮುಂದುವರಿಸಬೇಕು. ಬೀಸುಕಲ್ಲಿಗೂ ಇದೇ ಕ್ರಮ, ಆದರೆ ಅಲ್ಲಿ ನೀರು ತಾಗಬಾರದು. ಬೀಸುಕಲ್ಲಿನ ನಡುಗೂಟ ಸವೆದಿದ್ದರೆ ಮೇಲಿನ ಕಲ್ಲು ವಾಲಿ ತಿರುಗುತ್ತದೆ, ಹೊಸ ಗೂಟವನ್ನು ಬಡಗಿಯಿಂದ ಹಾಕಿಸಿ. ಒಂದೊಂದೇ ಹಿಡಿ ಕಾಳು ಹಾಕಿ ಒಂದೇ ಲಯದಲ್ಲಿ ತಿರುಗಿಸಿದಾಗ ಮಾತ್ರ ಹಿಟ್ಟು ಸಮನಾಗಿ ಬೀಳುತ್ತದೆ; ರಾಗಿ ಬೀಸುವ ಪದಗಳು ನಮ್ಮಲ್ಲಿ ಅಷ್ಟೊಂದು ಹುಟ್ಟಿದ್ದರಲ್ಲಿ ಈ ಲಯದ ಪಾಲೂ ಇದೆ ಎಂದು ನನ್ನ ನಂಬಿಕೆ.

ಬಳಪದ ಕಲ್ಲಿನ ಕಲ್ಮರಿಗೆ ಹುಳಿಗೆ ಹೆದರುವುದಿಲ್ಲ. ಉಪ್ಪಿನಕಾಯಿ, ತಂಬುಳಿ, ಮೊಸರುಗಳಿಗೆ ಅದು ಹೇಳಿ ಮಾಡಿಸಿದ ಪಾತ್ರೆ. ಒಲೆಯ ಮೇಲಿಡುವ ಕಲ್ಲಿನ ಪಾತ್ರೆಯಾದರೆ ಅಕ್ಕಿ ತೊಳೆದ ನೀರಿನಲ್ಲಿ ಕೆಲವು ದಿನ ನೆನೆಸಿ, ಒಣಗಿಸಿ, ಎಣ್ಣೆ-ಅರಿಸಿನ ಸವರಿ ಎರಡು ದಿನ ಬಿಟ್ಟು, ಗಂಜಿ ತುಂಬಿ ಅತಿ ಸಣ್ಣ ಉರಿಯಲ್ಲಿ ಕಾಯಿಸಿ ಪಳಗಿಸಬೇಕು. ಕಾದ ಕಲ್ಲಿಗೆ ತಣ್ಣೀರು ಬಿದ್ದರೆ ಅದು ಅಲ್ಲಿಯೇ ಸೀಳುತ್ತದೆ. ಉರಿ ಆರಿಸಿದ ಮೇಲೂ ಕುದಿತ ಮುಂದುವರಿಯುವುದರಿಂದ ಸಾರು ಪೂರ್ತಿ ಆಗುವ ಸ್ವಲ್ಪ ಮೊದಲೇ ಒಲೆ ನಿಲ್ಲಿಸುವುದನ್ನು ರೂಢಿಸಿಕೊಳ್ಳಿ.

ಉಳಿದವು

ಮರದ ಮರಿಗೆ, ಕಡೆಗೋಲು, ಲಟ್ಟಣಿಗೆ, ಶಾವಿಗೆ ಮಣೆಗಳಲ್ಲಿ ನೋಡಬೇಕಾದದ್ದು ಹುಳುವಿನ ತೂತು ಮತ್ತು ಉದುರುವ ಪುಡಿ. ಪುಡಿ ಹೊಸದಾಗಿದ್ದರೆ ಹುಳು ಜೀವಂತವಾಗಿದೆ. ಕಡು ಬಿಸಿಲಿಗೆ ಒಡ್ಡಿ, ವಾಸಿಯಾಗುವವರೆಗೆ ಬೇರೆ ಮರದ ಸಾಮಾನಿನ ಜೊತೆ ಇಡಬೇಡಿ. ಪಿಂಗಾಣಿ ಭರಣಿಯ ಒಳಮೈಯಲ್ಲಿ ಕೂದಲೆಳೆಯಂಥ ಬಿರುಕುಗಳ ಬಲೆ ಕಂಡರೆ ಅದರಲ್ಲಿ ಉಪ್ಪಿನಕಾಯಿ ಬೇಡ, ಒಣ ಮೆಣಸಿನಕಾಯಿ ತುಂಬಿಡಿ. ಸೇರಿನ ಲೆಕ್ಕ ಗೊತ್ತಿಲ್ಲದವರಿಗೆ: ನಾಲ್ಕು ಚಟಾಕಿಗೆ ಒಂದು ಪಾವು, ನಾಲ್ಕು ಪಾವಿಗೆ ಒಂದು ಸೇರು. ಆದರೆ ಸೇರಿನ ಗಾತ್ರ ಊರಿಂದೂರಿಗೆ ಬೇರೆಯಾಗಿತ್ತು; ನಿಮ್ಮ ಪಾವು ಎಷ್ಟು ಹಿಡಿಯುತ್ತದೆ ಎಂದು ಒಮ್ಮೆ ಅಕ್ಕಿ ತುಂಬಿ ತೂಗಿ ಬರೆದಿಟ್ಟುಕೊಳ್ಳಿ, ಅಜ್ಜಿಯ ಕಾಲದ ಅಡುಗೆಯ ಅಳತೆಗಳು ಆಗ ಸರಿಯಾಗಿ ಕೂರುತ್ತವೆ.

ಪ್ರತಿಯೊಂದು ವಸ್ತುವಿಗೂ ಒಂದು ಚೀಟಿ ಇರಲಿ. ಅದರಲ್ಲಿ ಆ ಮನೆಯವರು ಕರೆಯುತ್ತಿದ್ದ ಹೆಸರು, ಬಂದ ಊರು, ಲೋಹ ಅಥವಾ ಮರ, ತೂಕ, ಮಾಡಿಸಿದ ದುರಸ್ತಿ, ಕೊನೆಯ ಕಲಾಯಿಯ ತಿಂಗಳು, ಅದರಲ್ಲಿ ಮಾಡುತ್ತಿದ್ದ ಅಡುಗೆ ಇವಿಷ್ಟನ್ನು ಬರೆಯಿರಿ. ಮಳೆಗಾಲಕ್ಕೆ ಮುನ್ನ ಕಬ್ಬಿಣದ ವಸ್ತುಗಳಿಗೆಲ್ಲ ಎಣ್ಣೆ ಸವರಿ ಕಾಗದದಲ್ಲಿ ಸುತ್ತಿಡಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ತೇವ ಒಳಗೇ ನಿಂತು ತುಕ್ಕು ಹಿಡಿಯುತ್ತದೆ.

ವಿದೇಶಕ್ಕೆ ಒಯ್ಯುವವರಿಗೆ

ಊರಿನಿಂದ ಅಜ್ಜಿಯ ಪಾತ್ರೆಯನ್ನು ಅಮೆರಿಕಕ್ಕೋ ಕೊಲ್ಲಿ ದೇಶಗಳಿಗೋ ಕೊಂಡೊಯ್ಯಬಯಸುವ ಕನ್ನಡಿಗರು ಎರಡು ಸಂಗತಿಗಳನ್ನು ತಿಳಿದಿರಬೇಕು. ಮೊದಲನೆಯದು ಕಾನೂನು. 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯಿದೆಯ ಪ್ರಕಾರ ನೂರು ವರ್ಷ ಅಥವಾ ಅದಕ್ಕೂ ಹಳೆಯದಾದ, ಐತಿಹಾಸಿಕ ಮಹತ್ವದ ವಸ್ತುಗಳನ್ನು ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ದಿನಬಳಕೆಯ ದೋಸೆ ಕಾವಲಿಯ ಬಗ್ಗೆ ಯಾರೂ ತಕರಾರು ತೆಗೆಯಲಾರರು, ಆದರೆ ಕೆತ್ತನೆಯಿರುವ ಕಂಚಿನ ಪಾತ್ರೆ, ಚಿತ್ತಾರದ ಅಡಕತ್ತರಿ, ಹಳೆಯ ದೀಪಗಳಾದರೆ ಭಾರತೀಯ ಪುರಾತತ್ತ್ವ ಸರ್ವೇಕ್ಷಣಾ ಇಲಾಖೆಯಿಂದ ಅದು ಪುರಾವಸ್ತುವಲ್ಲ ಎಂಬ ಪ್ರಮಾಣಪತ್ರ ಪಡೆದೇ ಹೊರಡುವುದು ಕ್ಷೇಮ. ಎರಡನೆಯದು ಸೀಸ. 2025ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಹೊರದೇಶಗಳಿಂದ ಬರುವ ಕೆಲವು ಅಲ್ಯೂಮಿನಿಯಂ, ಹಿತ್ತಾಳೆ, ಇಂಡಾಲಿಯಂ (ಅಲ್ಯೂಮಿನಿಯಂನ ಒಂದು ಬೆರಕೆ ಲೋಹ) ಪಾತ್ರೆಗಳಿಂದ ಸೀಸ ಆಹಾರಕ್ಕೆ ಇಳಿಯಬಹುದೆಂದು ಎಚ್ಚರಿಸಿದೆ. ಮಕ್ಕಳು ಮತ್ತು ಬಸುರಿಯರಿರುವ ಮನೆಯಲ್ಲಿ ಪರೀಕ್ಷೆ ಮಾಡಿಸದ ಲೋಹದ ಪಾತ್ರೆಯಲ್ಲಿ ಅಡುಗೆ ಮಾಡದೆ, ಕಬ್ಬಿಣದ ಕಾವಲಿ, ಕಲ್ಮರಿಗೆ, ಮರದ ಪರಿಕರಗಳನ್ನಷ್ಟೇ ಒಯ್ದು ಬಳಸಿ. ಈಳಿಗೆಮಣೆಯನ್ನು ಕೈಚೀಲದಲ್ಲಿ ಬಿಡುವುದಿಲ್ಲ. ಅಲಗಿಗೆ ಕವಚ ತೊಡಿಸಿ, ಮಣೆ ಸಮೇತ ದಪ್ಪ ಬಟ್ಟೆಯಲ್ಲಿ ಸುತ್ತಿ, ವಿಮಾನದ ಕೆಳಗಿನ ಸರಕಿಗೆ ಹಾಕುವ ಪೆಟ್ಟಿಗೆಯಲ್ಲಿಡಿ. ಮಣೆ ಮರದ್ದಾದ್ದರಿಂದ ಹುಳುವಿನ ತೂತು ಇಲ್ಲವೆಂದು ಖಚಿತಪಡಿಸಿಕೊಂಡು, ಆ ದೇಶದ ಸುಂಕದ ಅರ್ಜಿಯಲ್ಲಿ ಮರದ ವಸ್ತುಗಳ ಬಗ್ಗೆ ಕೇಳಿದ್ದರೆ ಅದನ್ನು ನಮೂದಿಸಿ.